ದೇವರ ಜೊತೆ ಮಾತು ಬಿಟ್ಟ ಟೀಚರ್

ಅವನಿಗೆ ಆಮೆನ್ ಎಂದು ಅಡ್ಡಹೆಸರಿಟ್ಟವರು ಅವನ ಜೊತೆಯಲ್ಲೇ ತರಬೇತಿ ಪಡೆಯುತ್ತಿದ್ದ ಇಬ್ಬರು ಹುಡುಗಿಯರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೂ ಅವನು ಅದರ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕೊನೆಗೊಂದು ಆಮೆನ್ ಸೇರಿಸುತ್ತಿದ್ದ. ಕಾಗದ ಬಂದರೆ ದೇವರ ಕೃಪೆ, ಬರದಿದ್ದರೆ ಕಂಪನಿಯ ತಪ್ಪು. ಮೊದಲು ಔಷಧಿ ಕಂಪನಿಯಲ್ಲಿ ರೆಪ್ ಆಗಿದ್ದವನು. ಡಾಕ್ಟರುಗಳ ಬಾಗಿಲಲ್ಲಿ ಬ್ಯಾಗು ಹಿಡಿದು ಕಾದು ಕಾದು ಬೇಸತ್ತು, ಜನರ ಮನಸ್ಸಿಗೆ ಉಪಯೋಗವಾಗುವ ಕೆಲಸ ಮಾಡಬೇಕೆಂದು ಆಪ್ತಸಮಾಲೋಚಕನ ತರಬೇತಿಗೆ ಸೇರಿದ್ದ. ಒಳ್ಳೆಯವನು. ಮೇಡಂಗೆ ತಲೆನೋವಾಗಿದ್ದೇ ಅದು. ಕೆಟ್ಟವನಾಗಿದ್ದರೆ ಒಂದು ಮಾತಿನಲ್ಲಿ ಮನೆಗೆ ಕಳಿಸಬಹುದಿತ್ತು.

ಮೇಡಂ ಎಂದರೆ ಆ ಮೂವರ ಮೇಲ್ವಿಚಾರಕಿ. ದೊಡ್ಡ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಬಹಳ ವರ್ಷ ದುಡಿದು, ಈಗ ತಮ್ಮದೇ ಚರ್ಚಿನ ಸಭೆಯವರು ನಡೆಸುವ ಸಮಾಲೋಚನಾ ಕೇಂದ್ರ ನೋಡಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ಊಟಕ್ಕೆ ಮುಂಚೆ ಕಣ್ಣು ಮುಚ್ಚುವ ಆಕೆಯನ್ನು ಸಹೋದ್ಯೋಗಿಗಳು 'ನಮ್ಮ ಸನ್ಯಾಸಿನಿ' ಎಂದು ಛೇಡಿಸುತ್ತಿದ್ದರು. ಇಲ್ಲಿ ಸಭೆಯ ಹಿರಿಯ ಹೆಂಗಸರು, ಆಕೆಗೆ ಪ್ರಾರ್ಥನೆಗಿಂತ ಪ್ರಶ್ನೆಯೇ ಜಾಸ್ತಿ ಎಂದು ಮೂಗು ಮುರಿಯುತ್ತಿದ್ದರು. ಅಲ್ಲಿ ದೇವರು ಹೆಚ್ಚಾದರು, ಇಲ್ಲಿ ಕಡಿಮೆಯಾದರು. ಅತ್ತ ದರಿ, ಇತ್ತ ಪುಲಿ.

ಕೇಂದ್ರ ಇದ್ದದ್ದು ಚರ್ಚಿನ ಸಭಾಂಗಣದ ಮೇಲಿನ ಎರಡು ಕೋಣೆಗಳಲ್ಲಿ. ಒಂದರಲ್ಲಿ ಕ್ಲೈಂಟುಗಳನ್ನು ನೋಡುತ್ತಿದ್ದರು. ಎದುರುಬದುರು ಎರಡು ಕುರ್ಚಿ, ನಡುವೆ ಮೋಟು ಕಾಲಿನ ಟೀಪಾಯಿ, ಅದರ ಮೇಲೆ ಟಿಶ್ಯೂ ಡಬ್ಬಿ. ಇನ್ನೊಂದು ಮೇಡಂ ಅವರದ್ದು. ವಿದ್ಯಾರ್ಥಿಗಳು ಕ್ಲೈಂಟಿನ ಒಪ್ಪಿಗೆ ಪಡೆದು ಮಾತುಕತೆಯನ್ನು ಫೋನಿನಲ್ಲಿ ಧ್ವನಿಮುದ್ರಿಸುತ್ತಿದ್ದರು. ಮೇಡಂ ಅದನ್ನು ಕೇಳಿ, ಆಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಇಲ್ಲಿ ಯಾಕೆ ಹೀಗಂದೆ, ಅಲ್ಲಿ ಯಾಕೆ ಸುಮ್ಮನಾದೆ ಎಂದು ಬಿಡಿಸಿ ಬಿಡಿಸಿ ವಿಚಾರಿಸುತ್ತಿದ್ದರು.

ಆ ದಿನ ಕೆಳಗೆ ಗಾಯಕ ಮಂಡಳಿ ಅಭ್ಯಾಸ ನಡೆಸಿತ್ತು. ಒಂದೇ ಸಾಲನ್ನು ತಪ್ಪಾಗಿ ಹಾಡಿ, ನಿಲ್ಲಿಸಿ, ಮತ್ತೆ ಎತ್ತಿಕೊಳ್ಳುತ್ತಿದ್ದರು. ಮೇಡಂ ಕಿಟಕಿ ಮುಚ್ಚಿ ಆಮೆನ್ ತಂದ ಧ್ವನಿಮುದ್ರಣ ಹಾಕಿದರು. ಕ್ಲೈಂಟು ಒಬ್ಬ ಶಾಲಾ ಶಿಕ್ಷಕಿ, ಗಣಿತದ ಟೀಚರು. ಮೂಳೆಯ ಕ್ಯಾನ್ಸರಿನಲ್ಲಿ ತಮ್ಮ ತೀರಿಕೊಂಡಿದ್ದ. ಮದುವೆಯಾಗದೆ ಅವನನ್ನೇ ನೋಡಿಕೊಂಡು ಇದ್ದವರು. ಈಗ ಕ್ಲಾಸಿನಲ್ಲಿ ಬೋರ್ಡಿಗೆ ಬೆನ್ನು ಕೊಟ್ಟು ನಿಂತಾಗ ಕೈಕಾಲು ನಡುಗುತ್ತದೆ, ನಿದ್ದೆ ಹತ್ತುವುದಿಲ್ಲ ಎಂದು ಮುಖ್ಯೋಪಾಧ್ಯಾಯರೇ ಇಲ್ಲಿಗೆ ಕಳಿಸಿದ್ದರು.

ಧ್ವನಿ ಸಣ್ಣದಾಗಿತ್ತು. "ನಾನು ದೇವರ ಜೊತೆ ಮಾತು ಬಿಟ್ಟಿದ್ದೀನಿ ಸರ್," ಅಂದರು ಟೀಚರು.

ಅದರ ಬೆನ್ನಿಗೇ ಆಮೆನ್‌ನ ಸ್ವರ: "ಒಂದು ಪ್ರಾರ್ಥನೆ ಮಾಡೋಣ್ವಾ?" ಉತ್ತರಕ್ಕೆ ಕಾಯದೆ ಶುರುಮಾಡಿಬಿಟ್ಟಿದ್ದ. ಉದ್ದನೆಯ, ಏರಿಳಿತದ ಪ್ರಾರ್ಥನೆ. ಈ ಸಹೋದರಿಯ ಮನಸ್ಸನ್ನು ಮುಟ್ಟು, ಇವಳ ಮನೆಯ ಮೇಲೆ ಕೈಯಿಡು, ನಿನ್ನ ಚಿತ್ತ ಇವಳಲ್ಲಿ ನೆರವೇರಲಿ. ನಡುವೆ ಯಾರೋ ಬಿಕ್ಕುವ ಸದ್ದು. ಮುಗಿದ ಮೇಲೆ ಟೀಚರು, ಸರಿ ಸರ್, ಬರ್ತೀನಿ ಎಂದು ಎದ್ದು ಹೋದದ್ದು ಕೇಳಿಸಿತು. ಅವರಿಗೆ ಇನ್ನೂ ಅರ್ಧದಷ್ಟು ಸಮಯ ಉಳಿದಿತ್ತು.

ಮೇಡಂ ಫೋನು ಕೆಳಗಿಟ್ಟರು. ಆಮೆನ್ ಪರೀಕ್ಷೆ ಚೆನ್ನಾಗಿ ಬರೆದವನ ಹಾಗೆ ಕೂತಿದ್ದ.

"ಅವರು ಅತ್ತರು ಮೇಡಂ. ತಮ್ಮ ಹೋದಾಗಿಂದ ಅತ್ತೇ ಇರ್ಲಿಲ್ಲವಂತೆ."

ಪ್ರಾರ್ಥನೆ ಬೇಕೆಂದು ಅವರು ಕೇಳಿದ್ದರೇ ಎಂದರು ಮೇಡಂ.

"ಕೇಳ್ಬೇಕಾ? ಬಾಯಾರಿದವರಿಗೆ ನೀರು ಕೊಡೋಕೆ ಅರ್ಜಿ ಬರೆಸ್ಕೋತೀವಾ?"

"ಬಾಯಾರಿದೆ ಅಂತ ಅವರು ಹೇಳ್ಲಿಲ್ಲಪ್ಪ. ಮಾತು ಬಿಟ್ಟಿದ್ದೀನಿ ಅಂದ್ರು. ಮಾತು ಬಿಟ್ಟಿರೋ ಇಬ್ಬರ ಮಧ್ಯೆ ನುಗ್ಗಿ, ಒಬ್ಬರ ಪರವಾಗಿ ನೀನೇ ಮಾತಾಡಿಬಿಟ್ಟೆ. ಯಾಕೆ ಬಿಟ್ರಿ ಅಂತಾದ್ರೂ ಕೇಳಬೇಡ್ವಾ?"

ಅವನ ಮುಖ ಸಣ್ಣದಾಯಿತು. ತಾನು ಈ ಕೆಲಸಕ್ಕೆ ಬಂದದ್ದೇ ದೇವರ ಕರೆಯಿಂದ, ಬಾಗಿಲ ಹೊರಗೆ ಚಪ್ಪಲಿ ಬಿಟ್ಟಂತೆ ನಂಬಿಕೆಯನ್ನು ಬಿಟ್ಟು ಒಳಗೆ ಬರಲು ತನಗಾಗದು ಎಂದ. ಬಿಡಬೇಕೆಂದು ಯಾರೂ ಹೇಳಿಲ್ಲ, ತಾನೂ ಬಿಟ್ಟು ಬಂದವಳಲ್ಲ ಎಂದರು ಮೇಡಂ. ಆದರೆ ಎದುರಿಗಿರುವವರ ನಂಬಿಕೆ ಯಾವ ಸ್ಥಿತಿಯಲ್ಲಿದೆ ಎಂದು ನೋಡದೆ ತನ್ನದನ್ನು ಅವರ ಮೇಲೆ ಹೊದಿಸುವುದು ಸೇವೆಯೂ ಅಲ್ಲ, ಸಮಾಲೋಚನೆಯೂ ಅಲ್ಲ. ಇದನ್ನು ಅವರು ಎಷ್ಟು ಬಗೆಯಲ್ಲಿ ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಕೊನೆಗೆ ರೇಗಿ, ಮುಂದಿನ ಸಲ ಪ್ರಾರ್ಥನೆ ಬೇಡವೇ ಬೇಡ ಎಂದುಬಿಟ್ಟರು. ಅಂದ ಕ್ಷಣವೇ ಅದು ಸೋಮಾರಿ ಮೇಲ್ವಿಚಾರಕರ ಮಾತು ಎಂದು ಅವರಿಗೆ ಗೊತ್ತಾಯಿತು. ಹಿಂತೆಗೆದುಕೊಳ್ಳುವಷ್ಟು ತಾಳ್ಮೆ ಉಳಿದಿರಲಿಲ್ಲ.

ಮನೆಯಲ್ಲಿ ಗಂಡನ ಮುಂದೆ ಗೊಣಗಿದರು, ಹೆಸರು ವಿವರ ಏನೂ ಹೇಳದೆ. ಅವರ ಗಂಡ ಎಲೆಕ್ಟ್ರಿಷಿಯನ್, ಭಾನುವಾರ ಗಾಯಕ ಮಂಡಳಿಯಲ್ಲಿ ಹಾಡುವವರು. ಸ್ವಿಚ್‌ಬೋರ್ಡು ಬಿಚ್ಚಿಟ್ಟುಕೊಂಡು, ತಲೆಯೆತ್ತದೆ, ತಮ್ಮ ಮಂಡಳಿಯಲ್ಲೂ ಅಂಥವನೊಬ್ಬನಿದ್ದಾನೆ ಎಂದರು. ಜೋರಾಗಿ ಹಾಡಬೇಡ ಅಂದರೆ ಬಾಯಿ ಹೊಲಿದುಕೊಂಡು ನಿಲ್ಲುತ್ತಾನಂತೆ. ಮೆಲ್ಲಗೆ ಹಾಡು ಅನ್ನುವುದು ಅವನ ಕಿವಿಗೆ ಹೋಗುವುದೇ ಇಲ್ಲವಂತೆ. ಹಾಗಾದರೆ ಏನು ಮಾಡುತ್ತೀರಿ ಎಂದು ಮೇಡಂ ಕೇಳಿದರು. "ಏನ್ಮಾಡೋದು, ಪಕ್ಕದಲ್ಲಿ ನಿಂತ್ಕೊಂಡು ಸಹಿಸ್ಕೋತೀವಿ," ಅಂದರು ಗಂಡ.

ಮುಂದಿನ ವಾರ ಟೀಚರು ಬಂದರು. ಬಂದದ್ದೇ ದೊಡ್ಡದು ಎಂದುಕೊಂಡರು ಮೇಡಂ. ಸಂಜೆ ಆಮೆನ್ ತಂದ ಧ್ವನಿಮುದ್ರಣ ಕೇಳುತ್ತಾ ಅವರಿಗೆ ಮೈಯೆಲ್ಲ ಉರಿಯಿತು. ಅವನು ಸರ್ಕಾರಿ ಕಚೇರಿಯ ಗುಮಾಸ್ತನಂತೆ ಪ್ರಶ್ನೆ ಕೇಳಿದ್ದ. ನಿದ್ದೆ ಹೇಗಿದೆ, ಊಟ ಹೇಗಿದೆ, ಕೈ ನಡುಗುವುದು ದಿನದಲ್ಲಿ ಯಾವ ಹೊತ್ತಿಗೆ. ದೇವರ ಸುದ್ದಿಯೇ ಇಲ್ಲ. ನಡುವೆ ಟೀಚರೇ ಕೇಳಿದ್ದರು, "ಇವತ್ತು ಪ್ರಾರ್ಥನೆ ಇಲ್ವಾ ಸರ್?"

"ಇಲ್ಲ. ಇಲ್ಲಿ ಅದಕ್ಕೆ ಅವಕಾಶ ಇಲ್ಲವಂತೆ. ಮೇಡಂ ಬೇಡ ಅಂದಿದಾರೆ."

ಆಮೇಲೆ ಮತ್ತೆ ನಿದ್ದೆ, ಊಟದ ಪ್ರಶ್ನೆಗಳು.

ಮೇಡಂ ಕೂಗಾಡುವವರಲ್ಲ. ಅಂದು ಸ್ವರ ಏರಿತು. ಕೇಳದಿದ್ದಾಗ ಸುರಿದ, ಕೇಳಿದಾಗ ಬಾಗಿಲು ಹಾಕಿದ, ಅದೂ ಮೇಲ್ವಿಚಾರಕಿಯ ಹೆಸರು ಹೇಳಿ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಹಾಗಾಯ್ತಲ್ಲ ನಿನ್ನ ಕಥೆ," ಅಂದರು. ಆಮೆನ್‌ಗೂ ಸಿಟ್ಟು ಬಂದಿತ್ತು. "ನೀವು ಹೇಳಿದ್ದನ್ನೇ ಮಾಡಿದೀನಿ ಮೇಡಂ. ಮಾಡಿದ್ರೂ ತಪ್ಪು, ಬಿಟ್ರೂ ತಪ್ಪು. ಒಂದು ನಿಯಮ ಹೇಳಿ, ಅದರ ಹಾಗೆ ನಡ್ಕೋತೀನಿ."

ನಿಯಮ ಇದ್ದಿದ್ದರೆ ಮೇಡಂ ಎಂದೋ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಆಸ್ಪತ್ರೆಯಲ್ಲಿದ್ದಾಗ ಸಾಯುವ ಮುದುಕನೊಬ್ಬನ ಕೈ ಹಿಡಿದು ಪ್ರಾರ್ಥಿಸಿದ್ದರು. ಅದೇ ವಾರ್ಡಿನಲ್ಲಿ ಇನ್ನೊಬ್ಬಳು ಬೇಡಿಕೊಂಡರೂ ಪ್ರಾರ್ಥಿಸದೆ ಅವಳ ಪಕ್ಕ ಸುಮ್ಮನೆ ಕೂತಿದ್ದರು. ಎರಡೂ ಸರಿ ಎಂದು ಆಗ ಅನ್ನಿಸಿತ್ತು. ಯಾಕೆ ಸರಿ ಎಂದು ಈ ಹುಡುಗನಿಗೆ ಹೇಳಲು ಹೊರಟರೆ ಬಾಯಿಗೆ ಪಠ್ಯಪುಸ್ತಕದ ಮಾತು ಬರುತ್ತಿತ್ತು, ಅದನ್ನು ಕೇಳಿ ತಮಗೇ ಆಕಳಿಕೆ ಬರುತ್ತಿತ್ತು.

ಇಷ್ಟರಲ್ಲೇ ವಿಷಯ ಚರ್ಚಿನ ಪಾಸ್ಟರ ಕಿವಿಗೆ ಬಿತ್ತು. ದೂರು ಕೊಟ್ಟವರು ಯಾರೂ ಇಲ್ಲ. ವಾರದ ಪ್ರಾರ್ಥನಾ ಕೂಟದಲ್ಲಿ ಆಮೆನ್ ಎದ್ದು ನಿಂತು, ನನ್ನ ಕೆಲಸದಲ್ಲಿ ಪ್ರಾರ್ಥಿಸಲು ಅಡ್ಡಿ ಬಂದಿದೆ, ನನಗಾಗಿ ಬೇಡಿಕೊಳ್ಳಿ ಎಂದಿದ್ದ. ಕ್ಲೈಂಟಿನ ಹೆಸರಾಗಲಿ ಸುಳಿವಾಗಲಿ ಕೊಟ್ಟಿರಲಿಲ್ಲ. ಅಷ್ಟರ ಮಟ್ಟಿಗೆ ಪಾಠ ಕಲಿತಿದ್ದ. ಆದರೆ ಅಡ್ಡಿ ಯಾರು ಎಂದು ಕೂಟದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಾಗಿತ್ತು.

ಪಾಸ್ಟರು ಮೆಟ್ಟಿಲು ಹತ್ತಿ ಮೇಡಂ ಕೋಣೆಗೇ ಬಂದರು. ದೊಡ್ಡ ಮನಸ್ಸಿನ ಮನುಷ್ಯ. ಯಾರ ಮನೆಯಲ್ಲಿ ಕಾಯಿಲೆ ಎಂದರೂ ಮೊದಲು ಬಾಗಿಲು ತಟ್ಟುವವರು ಅವರೇ. ಬಾಗಿಲು ತಟ್ಟಿದ ಮೇಲೆ ಬೇಗ ಹೋಗುವವರೂ ಅಲ್ಲ. ಕುರ್ಚಿ ಎಳೆದುಕೊಂಡು, ಈ ಕಟ್ಟಡದ ಒಂದೊಂದು ಇಟ್ಟಿಗೆಯೂ ಪ್ರಾರ್ಥನೆಯಿಂದ ಎದ್ದಿದೆ, ಇದರೊಳಗೇ ಪ್ರಾರ್ಥನೆಗೆ ಬೀಗವೇ ಎಂದು ನೊಂದು ಕೇಳಿದರು. ಬೀಗ ಹಾಕಿಲ್ಲ, ಬಾಗಿಲು ಮೆಲ್ಲಗೆ ತೆಗೆಯಿರಿ ಎಂದಷ್ಟೇ ಹೇಳಿದ್ದೇನೆ ಎಂದರು ಮೇಡಂ. ಪಾಸ್ಟರಿಗೆ ಅದು ಹಿಡಿಸಲಿಲ್ಲ. ಪ್ರತಿ ಭೇಟಿಯೂ ಪ್ರಾರ್ಥನೆಯಿಂದಲೇ ಶುರುವಾಗಬೇಕೆಂಬ ನಿಯಮವನ್ನು ಕೇಂದ್ರದ ಸಮಿತಿಯ ಮುಂದೆ ಇಡುತ್ತೇನೆ ಎಂದು ಎದ್ದರು. ನಿಯಮ ಬೇಕು ಎಂದ ಆಮೆನ್‌ಗೆ ಅದು ಸಿಗುವಂತಿತ್ತು.

ಟೀಚರ ಮುಂದಿನ ಭೇಟಿಗೆ ತಾವೇ ಜೊತೆಯಲ್ಲಿ ಕೂರುವುದೆಂದು ಮೇಡಂ ತೀರ್ಮಾನಿಸಿದರು. ಆಗಿರುವ ಎಡವಟ್ಟನ್ನು ಸರಿಪಡಿಸದೆ ಬಿಡುವ ಹಾಗಿರಲಿಲ್ಲ. ಟೀಚರು ಫೋನಿನಲ್ಲೇ ಒಪ್ಪಿದರು. ಶಾಲೆ ಬಿಟ್ಟ ಮೇಲೆ ನೇರ ಬಂದಿದ್ದರು. ಸೀರೆಯ ನೆರಿಗೆಯಲ್ಲಿ ಸೀಮೆಸುಣ್ಣದ ಪುಡಿ, ಕೈಚೀಲ ಮಡಿಲಲ್ಲಿ. ಆಮೆನ್‌ಗೆ ಮೂಲೆಯ ಮರದ ಸ್ಟೂಲು. ಈ ಸಲ ಬಾಯಿ ತೆಗೆಯಬೇಡ, ನೋಡುತ್ತಾ ಕೂರು ಎಂದು ಮೇಡಂ ಮೊದಲೇ ಹೇಳಿದ್ದರು.

ಮೇಡಂ ಮಾತು ಶುರುಮಾಡಿದರು. ಹೋದ ಸಲ ಹೇಳಿದ್ದು ತಪ್ಪು, ಇಲ್ಲಿ ಪ್ರಾರ್ಥನೆಗೆ ಅಡ್ಡಿಯಿಲ್ಲ, ನಿಮಗೆ ಬೇಕೆನಿಸಿದರೆ ಯಾವಾಗ ಬೇಕಾದರೂ ಕೇಳಬಹುದು, ಈಗಲೇ ಬೇಕಿದ್ದರೆ ಈಗಲೇ. ಮಾತು ಚೆನ್ನಾಗಿತ್ತು, ಮನೆಯಲ್ಲಿ ಕನ್ನಡಿಯ ಮುಂದೆ ಜೋಡಿಸಿಕೊಂಡು ಬಂದಿದ್ದರು. ಟೀಚರು ತಲೆಯಾಡಿಸುತ್ತಿದ್ದರು. ಮೇಡಂ ಇನ್ನೊಂದು ಸುತ್ತು ವಿವರಿಸತೊಡಗಿದರು.

"ಮೇಡಂ, ಒಂದ್ನಿಮಿಷ," ಅಂದ ಆಮೆನ್.

ಮೇಡಂ ಅವನತ್ತ ಬೀರಿದ ನೋಟಕ್ಕೆ ಬೇರೆಯವನಾಗಿದ್ದರೆ ಬಾಯಿ ಮುಚ್ಚುತ್ತಿದ್ದ. ಅವನು ಟೀಚರ ಕೈ ನೋಡುತ್ತಿದ್ದ. ಚೀಲದ ಪಟ್ಟಿಯನ್ನು ಅವರು ಬೆರಳಿಗೆ ಸುತ್ತಿ ಸುತ್ತಿ ಬಿಗಿದಿದ್ದರು. ಬೆರಳ ತುದಿ ಬೆಳ್ಳಗಾಗಿತ್ತು.

"ಟೀಚರ್, ನಾನು ಅವತ್ತು ಪ್ರಾರ್ಥನೆ ಮಾಡಿದಾಗ ನಿಮಗೆ ಭಯ ಆಯ್ತಾ?"

ಟೀಚರು ಅವನನ್ನು ನೋಡಿದರು. ಹೌದು ಎಂಬಂತೆ ತಲೆ ಅಲ್ಲಾಡಿತು.

"ಹೋದ ಸಲ ಪ್ರಾರ್ಥನೆ ಇಲ್ವಾ ಅಂತ ಕೇಳಿದ್ದು..."

"ಇಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಸರ್. ಇಲ್ಲ ಅಂದ ಮೇಲೆ ಜೀವ ಬಂದ ಹಾಗಾಯ್ತು."

ಮೇಡಂ ಕುರ್ಚಿಗೆ ಒರಗಿದರು. ಟೀಚರ ಆ ಒಂದು ಪ್ರಶ್ನೆಯನ್ನು ಅವರು ಧ್ವನಿಮುದ್ರಣದಲ್ಲಿ ಎರಡು ಸಲ ಹಿಂದಕ್ಕೆ ಹೋಗಿ ಹಾಕಿ ಕೇಳಿದ್ದರು. ಅದರಲ್ಲಿ ಆಸೆಯನ್ನೇ ಕೇಳಿಸಿಕೊಂಡಿದ್ದರು. ಆ ಆಧಾರದ ಮೇಲೆ ಹುಡುಗನನ್ನು ಬೈದಿದ್ದರು.

ಆಮೆನ್ ಸ್ಟೂಲನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡ. "ಮಾತು ಬಿಡೋಕೆ ಮುಂಚೆ ಕೊನೇದಾಗಿ ದೇವರಿಗೆ ಏನು ಹೇಳಿದ್ರಿ ಟೀಚರ್?"

ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. ಅವನು ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಡಾಕ್ಟರ ಎದುರು ಸಿಕ್ಕಿದ ಗಳಿಗೆಯಲ್ಲಿ ಎಲ್ಲವನ್ನೂ ಹೇಳಿ ಮುಗಿಸಿ ರೂಢಿಯಾದವನಿಗೆ ಸುಮ್ಮನಿರುವುದೆಂದರೆ ಮುಳ್ಳಿನ ಮೇಲೆ ಕೂತಂತೆ. ಆದರೂ ಕೂತ.

"ಇವತ್ತಿಗೆ ಇವನ ನೋವು ಮುಗಿಸು ಅಂದೆ," ಅಂದರು ಟೀಚರು. "ಬೆಳಿಗ್ಗೆ ಅಂದೆ. ಶಾಲೆಗೆ ಹೋದೆ. ಸ್ಟಾಫ್‌ರೂಮಿಗೆ ಫೋನ್ ಬಂತು."

ಆಮೇಲೆ ಅವರೇ ಮಾತಾಡಿದರು. ತಮ್ಮನ ಬೆನ್ನಿನ ಹುಣ್ಣು ತೊಳೆದದ್ದು, ಒಂದು ಕೈಯಲ್ಲಿ ಅವನಿಗೆ ಗಂಜಿ ಕುಡಿಸುತ್ತಾ ಇನ್ನೊಂದರಲ್ಲಿ ಉತ್ತರಪತ್ರಿಕೆ ತಿದ್ದಿದ್ದು, ಅಕ್ಕಾ ಎಂದು ಅವನು ಕರೆದಾಗ ಒಮ್ಮೊಮ್ಮೆ ಕೇಳಿಸದವಳಂತೆ ಮಲಗಿದ್ದು. ಆ ದಿನ ಬೇಡಿಕೊಂಡದ್ದು ಅವನ ನೋವಿಗಾಗಿ ಅಲ್ಲ, ತನ್ನ ಸುಸ್ತಿಗಾಗಿ. ದೇವರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕೊಟ್ಟ. ಅಷ್ಟು ಬೇಗ ಕೊಡುವವನ ಹತ್ತಿರ ಇನ್ನು ಬಾಯಿ ತೆಗೆಯಲು ಹೆದರಿಕೆ. ತನ್ನ ಹೆಸರು ಹೇಳಿ ಬೇರೆಯವರು ಬೇಡಿಕೊಂಡರೂ ಹೆದರಿಕೆ. ನಿನ್ನ ಚಿತ್ತ ಇವಳಲ್ಲಿ ನೆರವೇರಲಿ ಎಂದು ಆಮೆನ್ ಅಂದಾಗ ಎದೆ ನಿಂತಂತಾಗಿತ್ತು.

ಆಮೆನ್ ಕಣ್ಣಲ್ಲಿ ನೀರಿತ್ತು. ಅವನು ಕ್ಷಮೆ ಕೇಳಲಿಲ್ಲ, ಬೈಬಲ್ ವಾಕ್ಯ ಹೇಳಲಿಲ್ಲ. "ಅಷ್ಟು ಸುಸ್ತಾಗಿತ್ತು ನಿಮಗೆ," ಅಂದ. ಟೀಚರು ಹೂಂ ಅಂದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ, ಹೂಂ ಅಂದರು.

ಅವರು ಹೋದ ಮೇಲೆ ಮೇಡಂ ತಮ್ಮ ಕೋಣೆಯ ಕಿಟಕಿ ತೆಗೆದು ನಿಂತರು. ಶಿಷ್ಯ ಕಂಡದ್ದು ತಮಗೆ ಕಾಣಲಿಲ್ಲವಲ್ಲ ಎಂಬ ಮುಜುಗರಕ್ಕಿಂತ, ತಾವು ಜೋಡಿಸಿ ತಂದ ಮಾತಿನ ಮೇಲಿನ ಸಿಟ್ಟೇ ಹೆಚ್ಚಾಗಿತ್ತು. ಅವನ ಪ್ರಾರ್ಥನೆ ಏನು ಮಾಡಿತ್ತೋ ತಮ್ಮ ವಿವರಣೆಯೂ ಅದನ್ನೇ ಮಾಡಿತ್ತು. ಎದುರಿನವರ ಬಾಯಿ ಮುಚ್ಚಿಸಿತ್ತು. ಅದನ್ನು ಆಮೆನ್‌ಗೆ ಹೇಳಿದರು ಕೂಡ. ಅವನು ಹಿಗ್ಗಲಿಲ್ಲ. ಮುಂದಿನ ಸಲ ಏನು ಮಾಡಬೇಕು ಎಂದು ಕೇಳಿದ. ಗೊತ್ತಿಲ್ಲ, ಬಂದಾಗ ನೋಡೋಣ ಎಂದರು. ಅವನು ನಿಟ್ಟುಸಿರು ಬಿಟ್ಟು, ರೆಪ್ ಕೆಲಸದಲ್ಲಿ ಕೊನೇಪಕ್ಷ ಮಾತ್ರೆಯ ಜೊತೆ ಹೇಗೆ ಕೊಡಬೇಕೆಂದು ಒಂದು ಚೀಟಿ ಬರುತ್ತಿತ್ತು ಎಂದ. ಮೇಡಂಗೆ ಆ ವಾರದಲ್ಲಿ ಮೊದಲ ಸಲ ನಗು ಬಂತು.

ಸಮಿತಿ ಸೇರುವ ಮುಂಚೆ ಆಮೆನ್ ತಾನಾಗಿ ಪಾಸ್ಟರ ಬಳಿ ಹೋಗಿ, ಅಡ್ಡಿಯಾದದ್ದು ಮೇಡಂ ಅಲ್ಲ, ನನ್ನ ಅವಸರ ಎಂದು ಹೇಳಿ ಬಂದ. ಪಾಸ್ಟರು ಅವನ ದೀನತೆಯನ್ನು ಮೆಚ್ಚಿ, ಬೆನ್ನು ತಟ್ಟಿ, ನಿಯಮವನ್ನು ಹಾಗೇ ಇಟ್ಟುಕೊಂಡರು.

ಸಭೆ ಕೆಳಗಿನ ಸಭಾಂಗಣದಲ್ಲಿ ನಡೆಯಿತು. ಪ್ಲಾಸ್ಟಿಕ್ ಕುರ್ಚಿಗಳ ಅರ್ಧಚಂದ್ರ, ನಡುವೆ ಪಾಸ್ಟರು. ಎಲ್ಲರೂ ಮೇಡಂ ಸೇವೆಯನ್ನು ಮೊದಲು ಹೊಗಳಿದರು. ಹಾಗೆ ಹೊಗಳಿದಾಗಲೇ ಅವರಿಗೆ ತೀರ್ಪು ಗೊತ್ತಾಯಿತು. ಆದರೂ ಹೇಳುವುದನ್ನು ಹೇಳಿದರು: ಇಲ್ಲಿಗೆ ಬರುವವರಲ್ಲಿ ಕೆಲವರು ದೇವರ ವಿಷಯದಲ್ಲೇ ಗಾಯಗೊಂಡು ಬರುತ್ತಾರೆ, ಬಾಗಿಲಲ್ಲೇ ಪ್ರಾರ್ಥನೆ ಇಟ್ಟರೆ ಗಾಯದ ಮೇಲೆ ಕೈಯಿಟ್ಟಂತಾಗುತ್ತದೆ.

"ಪ್ರಾರ್ಥನೆಯಿಂದ ಗಾಯ ಆಗತ್ತಾ ಅಮ್ಮ?" ಪಾಸ್ಟರು ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದರು. "ಒಂದೇ ಒಂದು ಉದಾಹರಣೆ ಕೊಡಿ. ನಾನು ಒಪ್ಕೋತೀನಿ."

ಉದಾಹರಣೆ ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಈ ಮನುಷ್ಯನ ಕಣ್ಣು ತುಂಬುತ್ತದೆ, ನಿಯಮ ಇಲ್ಲಿಗೇ ಬಿದ್ದುಹೋಗುತ್ತದೆ ಎಂದು ಮೇಡಂಗೆ ಖಚಿತವಾಗಿತ್ತು. ಹೆಸರಿಲ್ಲದೆ ಹೇಳಿದರೂ ಈ ಸಭೆಯಲ್ಲಿ ಕೂತವರಿಗೆ ತಮ್ಮನನ್ನು ಕಳೆದುಕೊಂಡ ಟೀಚರು ಯಾರೆಂದು ಗೊತ್ತಾಗಲು ಕ್ಷಣ ಸಾಕು. ನುಂಗಿಕೊಂಡರು.

"ಕೊಡಕ್ಕಾಗಲ್ಲ."

"ಇದ್ದರಲ್ವಾ ಕೊಡೋದು," ಎಂದರು ಹಿಂದಿನ ಸಾಲಿನ ಹಿರಿಯರೊಬ್ಬರು. ನಾಲ್ಕಾರು ಜನ ನಕ್ಕರು. ನಿಯಮ ಪಾಸಾಯಿತು.

ತಾನು ಇದನ್ನು ಪಾಲಿಸುವುದಿಲ್ಲ ಎಂದು ಮೇಡಂ ಅಲ್ಲೇ ಹೇಳಿದರು. ವಿದ್ಯಾರ್ಥಿಗಳು ಕ್ಲೈಂಟು ಬರುವ ಮುಂಚೆ ತಮ್ಮಷ್ಟಕ್ಕೆ ಪ್ರಾರ್ಥಿಸಿಕೊಳ್ಳಲಿ. ಕ್ಲೈಂಟು ಒಳಗೆ ಬಂದ ಮೇಲೆ ಮೊದಲ ಮಾತು ಕ್ಲೈಂಟಿನದು. ಪಾಸ್ಟರು ಕನ್ನಡಕ ತೆಗೆದು ಒರೆಸಿದರು.

"ಅಂದ್ರೆ ರಾಜೀನಾಮೆ ಕೊಡ್ತೀರಾ ಅಮ್ಮ?"

"ಇಲ್ಲ ಪಾಸ್ಟರೇ. ಬೇಕಿದ್ರೆ ನೀವೇ ತೆಗೀರಿ. ನಾನಾಗೇ ಹೋಗಲ್ಲ."

ಅವರನ್ನು ತೆಗೆಯಲು ಯಾರಿಗೂ ಮನಸ್ಸಿರಲಿಲ್ಲ. ಆ ಕೆಲಸಕ್ಕೆ ಬೇರೆ ಯಾರೂ ಸಿಗುವಂತೆಯೂ ಇರಲಿಲ್ಲ. ನಿಯಮವನ್ನು ಅಂದವಾಗಿ ಅಚ್ಚು ಹಾಕಿಸಿ ಮೆಟ್ಟಿಲ ಬಳಿ ತೂಗುಹಾಕಿದರು. ವಿದ್ಯಾರ್ಥಿಗಳು ಅದರ ಪಕ್ಕದಲ್ಲೇ ದಿನವೂ ಹತ್ತಿ ಇಳಿದರು. ಪ್ರತಿ ಸಭೆಯಲ್ಲೂ ಪಾಸ್ಟರು ವಿಷಯ ಎತ್ತುವುದು, ಮೇಡಂ ಅದೇ ಉತ್ತರ ಕೊಡುವುದು, ಇಬ್ಬರೂ ಬೇಸರದಿಂದ ಚಹಾ ಕುಡಿಯುವುದು ನಡೆದೇ ಇತ್ತು. ಗಂಡ ಒಮ್ಮೆ, ಪಾಸ್ಟರನ್ನೂ ಪಕ್ಕದಲ್ಲಿ ನಿಂತು ಸಹಿಸ್ಕೋ ಅಂದಾಗ, ಮೇಡಂ ತಟ್ಟೆ ಎತ್ತಿಕೊಂಡು ಎದ್ದುಹೋದರು.

ಟೀಚರು ಆ ಶಾಲಾವರ್ಷ ಮುಗಿಯುವವರೆಗೆ ಬಂದರು. ಕೈ ನಡುಗುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಆಮೇಲೆ ಬೇರೆ ಊರಿನ ಶಾಲೆಗೆ ವರ್ಗವಾಯಿತು. ಕೊನೆಯ ಭೇಟಿಯಲ್ಲಿ, ಭಾನುವಾರ ಚರ್ಚಿಗೆ ಹೋಗಲು ಶುರುಮಾಡಿದ್ದೇನೆ, ಹಾಡು ಮುಗಿಯುವವರೆಗೆ ಕೂತಿದ್ದು ಪ್ರಾರ್ಥನೆಯ ಹೊತ್ತಿಗೆ ಹೊರಗೆ ಹೋಗಿ ನಿಲ್ಲುತ್ತೇನೆ ಎಂದು ಹೇಳಿದರಂತೆ. ಇದನ್ನು ಸುಧಾರಣೆ ಎಂದು ಲೆಕ್ಕ ಹಿಡಿಯಬೇಕೇ ಬೇಡವೇ ಎಂದು ಆಮೆನ್ ಬಂದು ಕೇಳಿದ.

"ನಿನಗೇನನ್ಸತ್ತೆ?" ಅಂದರು ಮೇಡಂ.

"ಒಳಗಿದ್ದಿದ್ರೆ ಚೆನ್ನಾಗಿತ್ತು ಅನ್ಸತ್ತೆ," ಅಂದ. ಸ್ವಲ್ಪ ತಡೆದು, "ಆದ್ರೆ ಅವರಿಗೆ ಹಾಗಂತ ಹೇಳ್ಲಿಲ್ಲ. ಹೊರಗೆ ನಿಂತಾಗ ಏನು ನೋಡ್ತೀರಿ ಅಂತ ಕೇಳಿದೆ."

ಅವರು ಏನು ಹೇಳಿದರು ಎಂದು ಮೇಡಂ ಕೇಳುವಷ್ಟರಲ್ಲಿ ಮೆಟ್ಟಿಲ ಮೇಲೆ ಪಾಸ್ಟರ ಹೆಜ್ಜೆಯ ಸದ್ದಾಯಿತು. ಸಮಿತಿ ಮತ್ತೆ ಸೇರುವುದಿತ್ತು. ಮೇಡಂ ಹಣೆ ಒತ್ತಿಕೊಂಡು, ಪಕ್ಕದ ಕೋಣೆಯಲ್ಲಿ ಹೊಸ ಕ್ಲೈಂಟು ಕಾಯುತ್ತಿದ್ದಾರೆ, ನೀನು ಹೋಗು ಎಂದು ಅವನನ್ನು ಕಳಿಸಿ, ಪಾಸ್ಟರಿಗೆ ಕುರ್ಚಿ ಎಳೆದಿಟ್ಟರು.